ಮಾಳಿಗೆಯ ಮೇಲೆ ಒಣಗಿಸಿದ ಕಡಲು, ಹೊಲದಲ್ಲಿ ಮೇಲೇರಿದ ಉಪ್ಪು

ಸಿಂಧನೂರು ತಾಲ್ಲೂಕಿನಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ನೀರಿಗೆ ಒಳಪಟ್ಟ ನಮ್ಮ ಮನೆತನದ ಎರೆ ಹೊಲದ ತಗ್ಗಿನ ತುದಿಯಲ್ಲಿ ಪ್ರತಿ ಬೇಸಿಗೆಯೂ ಬಿಳಿ ಪೊರೆಯೊಂದು ಏಳುತ್ತದೆ. ಮುಂಜಾನೆ ನೋಡಿದರೆ ಯಾರೋ ಹಿಟ್ಟು ಚೆಲ್ಲಿ ಹೋದಂತೆ ಕಾಣುತ್ತದೆ, ಮಧ್ಯಾಹ್ನ ಕಾಲಿಟ್ಟರೆ ಹಪ್ಪಳ ಮುರಿದಂತೆ ಸದ್ದಾಗುತ್ತದೆ. ನಮ್ಮ ಕಡೆ ಇದಕ್ಕೆ ಸವಳು ಎನ್ನುತ್ತಾರೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಾನು ಇದರ ಒಂದು ಚೂರನ್ನು ಕಾಗದದಲ್ಲಿ ಕಟ್ಟಿಕೊಂಡು ಹೋಗಿ ತರಗತಿಯಲ್ಲಿ ತೋರಿಸಿ, ನೀರು ಆವಿಯಾದರೆ ಅದರಲ್ಲಿ ಕರಗಿದ್ದ ಉಪ್ಪು ಉಳಿಯುತ್ತದೆ ಎಂದು ಪಾಠ ಮುಗಿಸಿದ್ದೆ. ಆಗ ಒಬ್ಬ ಹುಡುಗ ಎದ್ದು ನಿಂತು, “ಮೇಡಂ, ನಮ್ಮ ಊರಾಗ ಸಮುದ್ರನ ಇಲ್ಲ. ಉಪ್ಪು ಎಲ್ಲಿಂದ ಬಂತ್ರಿ? ಬಂದಿದ್ದು ಕೆಳಗ ಕೂಡೂದು ಬಿಟ್ಟು ಮ್ಯಾಲೆ ಯಾಕ ಕುಂತೈತ್ರಿ?” ಎಂದು ಕೇಳಿದ. ಮೊದಲ ಪ್ರಶ್ನೆಗೆ ನನ್ನಲ್ಲಿ ಅರ್ಧ ಉತ್ತರವಿತ್ತು, ಎರಡನೆಯದಕ್ಕೆ ಉತ್ತರವೇ ಇರಲಿಲ್ಲ. ಅದನ್ನು ಹುಡುಕುತ್ತಾ ಮೂರು ಬೇಸಿಗೆ ಕಳೆದೆ. ನಾನು ಮಾಡಿದ್ದನ್ನೂ ಕಂಡದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಭೂವಿಜ್ಞಾನದಲ್ಲಿ ಇವಾಪೊರೈಟ್ ಎಂದು ಕರೆಯುವುದು ನೀರು ಆವಿಯಾಗಿ ಹೋದ ಮೇಲೆ ಹರಳುಗಟ್ಟಿ ಉಳಿದ ಖನಿಜಗಳನ್ನು ಮತ್ತು ಅವು ಪದರಪದರವಾಗಿ ಕೂಡಿ ಆದ ಶಿಲೆಗಳನ್ನು. ಅಡುಗೆಯ ಕಲ್ಲುಪ್ಪು ಅಂಥ ಒಂದು ಖನಿಜ, ಅದರ ಶಾಸ್ತ್ರೀಯ ಹೆಸರು ಹ್ಯಾಲೈಟ್. ಹೊಲಕ್ಕೆ ಹಾಕುವ ಜಿಪ್ಸಂ ಇನ್ನೊಂದು. ಔಷಧಿ ಅಂಗಡಿಯ ಸೈಂಧವ ಲವಣ ಬರುವುದು ಪಾಕಿಸ್ತಾನದ ಖೇವ್ರಾದಂಥ ಗಣಿಗಳಿಂದ. ಅಲ್ಲಿನ ಉಪ್ಪಿನ ಪದರ ಹುಟ್ಟಿದ್ದು 50 ಕೋಟಿ ವರ್ಷಗಳಿಗೂ ಹಿಂದೆ, ಒಂದು ಕಡಲು ಒಣಗಿದಾಗ. ಇಷ್ಟನ್ನು ಪುಸ್ತಕದಲ್ಲಿ ಓದಿಕೊಂಡಿದ್ದೆ. ಆದರೆ ಒಂದೇ ನೀರಿನಲ್ಲಿ ಬೆರೆತಿದ್ದ ಸುಣ್ಣ, ಜಿಪ್ಸಂ, ಉಪ್ಪು ಶಿಲೆಯಲ್ಲಿ ಬೇರೆ ಬೇರೆ ಪದರಗಳಾಗಿ ಹೇಗೆ ಬಿಡಿಸಿಕೊಂಡವು ಎಂಬುದು ಓದಿ ತಿಳಿಯುವುದಕ್ಕಿಂತ ನೋಡಿ ತಿಳಿಯಬೇಕಾದ ಸಂಗತಿ ಎಂದು ಈಗ ಅನ್ನಿಸುತ್ತದೆ.

ಮೊದಲ ಬೇಸಿಗೆ ಪೂರ್ತಿ ವ್ಯರ್ಥವಾಯಿತು. ಗೋಕರ್ಣಕ್ಕೆ ಹೋದವರ ಕೈಯಲ್ಲಿ ಐದು ಲೀಟರ್ ಕಡಲ ನೀರು ತರಿಸಿ, ಸ್ಟೀಲ್ ಬೋಗುಣಿಯಲ್ಲಿ ಹಾಕಿ ಗ್ಯಾಸ್ ಒಲೆಯ ಮೇಲೆ ಕುದಿಸಿದೆ. ಒಂದೂವರೆ ತಾಸಿನಲ್ಲಿ ಬೋಗುಣಿಯ ತಳದಲ್ಲಿ ಬೂದು ಬಣ್ಣದ ಗಟ್ಟಿ ಗಸಿ ಅಂಟಿಕೊಂಡಿತು. ಅದರಲ್ಲಿ ಎಲ್ಲವೂ ಇತ್ತು, ಆದರೆ ಒಂದನ್ನೊಂದು ಬಿಡಿಸಿ ನೋಡುವಂತಿರಲಿಲ್ಲ. ಹರಳು ಬೆಳೆಯಲು ಅವಕಾಶ ಬೇಕು. ಕುದಿಯುವ ನೀರು ಆ ಅವಕಾಶವನ್ನು ಕೊಡುವುದಿಲ್ಲ, ಬಿದ್ದದ್ದನ್ನು ಮತ್ತೆ ಮತ್ತೆ ಕಲಕುತ್ತಲೇ ಇರುತ್ತದೆ. ಮತ್ತೊಮ್ಮೆ ತರಿಸಿದ ನೀರನ್ನು ಬಿಸಿಲಿಗಿಟ್ಟೆ, ಆದರೆ ಅದನ್ನು ತುಂಬಿಸಿದ್ದ ಕ್ಯಾನು ಹಿಂದೆ ಅಡುಗೆ ಎಣ್ಣೆಯದಾಗಿತ್ತು. ನಾಲ್ಕು ಸಲ ತೊಳೆದಿದ್ದರೂ ನೀರಿನ ಮೇಲೆ ಎಣ್ಣೆಯ ತೆಳು ಪೊರೆ ನಿಂತು, ನೀರು ಆವಿಯಾಗುವುದೇ ನಿಧಾನವಾಯಿತು. ಕೊನೆಗೊಂದು ದಿನ ಸಂಜೆಯ ಅಡ್ಡಮಳೆ ಸುರಿದು, ಉಳಿದಿದ್ದೂ ತಿಳಿಯಾಗಿ ಹೋಯಿತು.

ಎರಡನೆಯ ಬೇಸಿಗೆಯಲ್ಲಿ ನಾನೇ ಹೋದೆ. ಗೋಕರ್ಣದ ಹತ್ತಿರ ಅಘನಾಶಿನಿ ನದಿ ಕಡಲು ಸೇರುವಲ್ಲಿ ಸಾಣಿಕಟ್ಟೆಯ ಉಪ್ಪಿನ ಆಗರಗಳಿವೆ. ಉಬ್ಬರದ ನೀರನ್ನು ಒಂದು ದೊಡ್ಡ ಕಟ್ಟೆಯೊಳಗೆ ಬಿಟ್ಟುಕೊಂಡು, ಅಲ್ಲಿಂದ ಸಣ್ಣ ಸಣ್ಣ ಮಡಿಗಳಿಗೆ ಹಂತಹಂತವಾಗಿ ಹಾಯಿಸಿ, ಕೊನೆಯ ಮಡಿಯಲ್ಲಿ ಮಾತ್ರ ಉಪ್ಪು ಕಟ್ಟಿಸುತ್ತಾರೆ. ನೀರನ್ನು ಒಂದೇ ಕಡೆ ನಿಲ್ಲಿಸಿ ಒಣಗಿಸಬಾರದೇಕೆ ಎಂದು ಅಲ್ಲಿ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರನ್ನು ಕೇಳಿದೆ. “ಅಕ್ಕೋರೇ, ಹಾಗೆ ಮಾಡಿದ್ರೆ ಉಪ್ಪಿಗೆ ಹೊಯ್ಗೆ ಹಾಂಗಿನ ಕಸ ಸೇರ್ತದೆ, ಆಮೇಲೆ ಕಹಿಯೂ ಸೇರ್ತದೆ. ಮೊದಲಿಂದೂ ಬೇಡ, ಕಡೇದೂ ಬೇಡ, ನಡುವಿಂದಷ್ಟೇ ಉಪ್ಪು” ಎಂದರು. ಇಡೀ ಶಾಸ್ತ್ರ ಆ ಮಾತಿನಲ್ಲಿ ಅಡಗಿತ್ತು ಎಂದು ನನಗೆ ತಿಳಿದದ್ದು ಒಂದು ತಿಂಗಳ ನಂತರ. ಆ ಹೊಯ್ಗೆಯಂಥ ಕಸವೇ ಜಿಪ್ಸಂ, ಆ ಕಹಿಯೇ ಮೆಗ್ನೀಸಿಯಂ ಲವಣಗಳು. ಆಗರದವರು ಬೇರೆ ಬೇರೆ ಮಡಿಗಳಲ್ಲಿ ಬೇರ್ಪಡಿಸುವುದನ್ನು ಒಣಗುವ ಕಡಲು ಬೇರೆ ಬೇರೆ ಕಾಲಗಳಲ್ಲಿ ಬೇರ್ಪಡಿಸುತ್ತದೆ.

ಗೋಕರ್ಣದ ದಂಡೆಯಿಂದ ಎರಡು ಹೊಸ ಕ್ಯಾನುಗಳಲ್ಲಿ ತಲಾ 20 ಲೀಟರ್ ನೀರು ತಂದೆ. ಏಪ್ರಿಲ್ ಎರಡನೆಯ ವಾರದಲ್ಲಿ ಮೊದಲ ಕ್ಯಾನಿನ ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸಿ, ಸಿಮೆಂಟ್ ಕಲಸುವ ಕರಿ ಪ್ಲಾಸ್ಟಿಕ್ ಟಬ್ಬಿಗೆ ಸುರಿದು ಮಾಳಿಗೆಯ ಮೇಲಿಟ್ಟೆ. ಕರಿ ಟಬ್ಬು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಬಿಳಿ ಹರಳು ಕರಿಯ ತಳದ ಮೇಲೆ ಬಿದ್ದರೆ ಸಾಸಿವೆಯಷ್ಟಿದ್ದರೂ ಕಾಣುತ್ತದೆ. ಅದರ ಉದ್ದ 60 ಸೆಂಟಿಮೀಟರ್, ಅಗಲ 45, ನೀರಿನ ಆಳ ಏಳೂವರೆ ಸೆಂಟಿಮೀಟರಿಗೆ ಸ್ವಲ್ಪ ಕಡಿಮೆ. ಮೇಲೆ ಚೌಕಟ್ಟಿಗೆ ಬಿಗಿದ ತೆಳುವಾದ ಬಟ್ಟೆ ಹೊದಿಸಿದೆ. ಪಕ್ಕದಲ್ಲಿ ಬ್ಯಾಟರಿಗೆ ಹಾಕುವ ಶುದ್ಧ ನೀರನ್ನು ತುಂಬಿದ ಇನ್ನೊಂದು ತಟ್ಟೆಯನ್ನೂ ಇಟ್ಟೆ. ನಮ್ಮ ಎರೆ ಮಣ್ಣಿನ ಧೂಳಿನಲ್ಲಿ ಸುಣ್ಣದ ಅಂಶವಿರುವುದರಿಂದ, ಟಬ್ಬಿನಲ್ಲಿ ಸಿಗುವ ಸುಣ್ಣ ಕಡಲಿನದೋ ಗಾಳಿ ತಂದದ್ದೋ ಎಂದು ತಿಳಿಯಲು ಈ ಜೋಡಿ ತಟ್ಟೆ ಬೇಕಾಗಿತ್ತು. ಇಂಥ ಪ್ರಯೋಗ ಮಾಡುವ ಶಿಕ್ಷಕರು ಈ ತಟ್ಟೆಯನ್ನು ಬಿಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಮ್ ಲವಣವಿರುತ್ತದೆ, ಅಂದರೆ ನನ್ನ ಟಬ್ಬಿನಲ್ಲಿ ಸುಮಾರು 700 ಗ್ರಾಮ್. ಅದರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಅಡುಗೆ ಉಪ್ಪೇ. ಹೆಚ್ಚು ಇರುವುದೇ ಮೊದಲು ಬೀಳಬೇಕು ಎಂದು ಮಕ್ಕಳು ಊಹಿಸಿದರು, ಅವರನ್ನು ಕೇಳುವ ಮೊದಲು ನಾನೂ ಹಾಗೆಯೇ ಊಹಿಸಿದ್ದೆ. ಐದನೆಯ ದಿನ ನೀರು ಅರ್ಧಕ್ಕೆ ಇಳಿದಾಗ ಟಬ್ಬಿನ ಗೋಡೆಗೆ ಮಾಸಲು ಬಿಳಿಯ ತೆಳುವಾದ ಪುಡಿ ಅಂಟಿತು. ಅದನ್ನು ಗಮನಿಸುವುದೇ ಕಷ್ಟ. ಬೆರಳಿಗೆ ಹತ್ತಿದ್ದನ್ನು ಗಾಜಿನ ತುಂಡಿನ ಮೇಲೆ ಸವರಿ, ಪ್ರಯೋಗಾಲಯದ ತಿಳಿ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ ಬಿಟ್ಟಾಗ ಸಣ್ಣಗೆ ನೊರೆ ಬಂತು. ಶುದ್ಧ ನೀರಿನ ತಟ್ಟೆಯಲ್ಲಿ ಹಾಗೇನೂ ಇರಲಿಲ್ಲ. ಇದು ಕ್ಯಾಲ್ಸಿಯಂ ಕಾರ್ಬೊನೇಟ್, ಕಡಲ ನೀರಿನಿಂದ ಮೊಟ್ಟಮೊದಲು ಕೆಳಗಿಳಿಯುವ ಖನಿಜ. ಇಡೀ ಟಬ್ಬನ್ನು ಕೆರೆದರೂ ಎರಡು ಗ್ರಾಮ್ ಆಗಲಿಲ್ಲ.

ಏಳನೆಯ ದಿನ, ನೀರು ಐದು ಲೀಟರಿಗೆ ಬಂದಾಗ, ತಿಳಿಯನ್ನು ಮಾತ್ರ ಬಸಿದು ಚಿಕ್ಕದೊಂದು ಕರಿ ಬಾನಿಗೆ ಸುರಿದೆ. ಸಾಣಿಕಟ್ಟೆಯಲ್ಲಿ ಕಲಿತ ಉಪಾಯ ಇದೇ. ಮರುದಿನ ಸಂಜೆ, ನೀರು ಮೊದಲಿದ್ದುದರ ಐದನೆಯ ಒಂದು ಪಾಲಿನಷ್ಟು ಉಳಿದಿದ್ದಾಗ, ಬಾನಿಯ ತಳದಲ್ಲಿ ಏನೋ ಮಿನುಗಿತು. ಬ್ಯಾಟರಿಯ ಬೆಳಕನ್ನು ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿದರೆ, ಕೂದಲಿನಷ್ಟು ಸಣ್ಣನೆಯ, ಎರಡು ಮೂರು ಮಿಲಿಮೀಟರ್ ಉದ್ದದ ಸೂಜಿಗಳು. ಕೆಲವು ಒಂಟಿಯಾಗಿ ಮಲಗಿದ್ದವು, ಕೆಲವು ಒಂದೇ ಬುಡದಿಂದ ಗರಿಕೆಯ ಮೊಳಕೆಯಂತೆ ಸುತ್ತಲೂ ಚಾಚಿಕೊಂಡಿದ್ದವು. ನಾಲಿಗೆಗೆ ಇಟ್ಟರೆ ರುಚಿಯೇ ಇಲ್ಲ, ಹಲ್ಲಿಗೆ ಹೊಯ್ಗೆ ಸಿಕ್ಕಂತೆ ಕರಕರ ಎನ್ನುತ್ತದೆ. ಆಮ್ಲಕ್ಕೆ ನೊರೆ ಬರಲಿಲ್ಲ. ಇದು ಜಿಪ್ಸಂ. ಆ ದಿನ ಉಪ್ಪು ನೀರಿನ ಸಾಂದ್ರತೆ ಅಳೆಯುವ ಬೋಮೆ ಮಾಪಕ 13ರ ಸುತ್ತ ತೋರಿಸುತ್ತಿತ್ತು. ನಾಲ್ಕು ದಿನದಲ್ಲಿ ಸಿಕ್ಕ ಸೂಜಿಗಳನ್ನು ಒಣಗಿಸಿ ತೂಗಿದಾಗ 27 ಗ್ರಾಮ್ ಆಯಿತು. ಅದರಲ್ಲಿ ಒಂದು ಚಿಟಿಕೆಯನ್ನು ಹೆಂಚಿನ ಮೇಲೆ ಕಾಯಿಸಿದರೆ ಹೊಳಪು ಹೋಗಿ ಸುಣ್ಣದ ಪುಡಿಯಂತಾಗುತ್ತದೆ. ಜಿಪ್ಸಂನ ತೂಕದಲ್ಲಿ ಐದನೆಯ ಒಂದು ಪಾಲು ನೀರೇ ಇರುತ್ತದೆ, ಹರಳಿನೊಳಗೇ ಕಟ್ಟಿಕೊಂಡ ನೀರು. ಭೂಮಿಯ ಆಳದಲ್ಲಿ ಹೂತುಹೋದ ಜಿಪ್ಸಂ ಪದರವೂ ಬಿಸಿಗೂ ಒತ್ತಡಕ್ಕೂ ಈ ನೀರನ್ನು ಕಳೆದುಕೊಂಡು ಅನ್‌ಹೈಡ್ರೈಟ್ ಎಂಬ ಗಟ್ಟಿ ಶಿಲೆಯಾಗುತ್ತದೆ.

ಉಪ್ಪು ಕಟ್ಟಿದ ದಿನವನ್ನು ನಾನು ಮರೆಯಲಾರೆ. ನೀರು ಎರಡು ಲೀಟರಿನಷ್ಟಕ್ಕೆ, ಅಂದರೆ ಮೊದಲಿನ ಹತ್ತನೆಯ ಒಂದು ಪಾಲಿಗೆ ಇಳಿದಿತ್ತು, ಮಾಪಕ 25 ದಾಟಿತ್ತು. ಮೂರನೆಯ ಬಾನಿಗೆ ಬಸಿದಿಟ್ಟ ಆ ನೀರಿನ ಮೇಲ್ಮೈ ಬೆಳಿಗ್ಗೆ ಕನ್ನಡಿಯಂತಿತ್ತು. ಹನ್ನೊಂದು ಗಂಟೆಯ ಹೊತ್ತಿಗೆ ಅದರ ಮೇಲೆ ಸೂಜಿಮೊನೆಯಷ್ಟು ಚುಕ್ಕೆಗಳು ತೇಲತೊಡಗಿದವು. ಹತ್ತಿರದಿಂದ ನೋಡಿದರೆ ಪ್ರತಿ ಚುಕ್ಕೆಯೂ ನಿಖರವಾದ ಚೌಕ. ನೀರಿಗಿಂತ ಭಾರವಾಗಿದ್ದರೂ ಮೇಲ್ಮೈಯ ಎಳೆತ ಅದನ್ನು ಹಿಡಿದಿಟ್ಟಿರುತ್ತದೆ. ಹರಳು ಭಾರವಾಗಿ ತುಸು ತಗ್ಗಿದಂತೆ, ನೀರಿನ ಮಟ್ಟದಲ್ಲಿರುವ ಅಂಚಿಗೆ ಹೊಸ ಉಪ್ಪು ಸೇರಿ ಇನ್ನೊಂದು ದೊಡ್ಡ ಚೌಕವಾಗುತ್ತದೆ, ಅದು ತಗ್ಗಿದಂತೆ ಮತ್ತೊಂದು. ಹೀಗೆ ಮೆಟ್ಟಿಲುಮೆಟ್ಟಿಲಾಗಿ ಒಳಗೆ ಟೊಳ್ಳಾದ, ತಲೆಕೆಳಗಾದ ಗೋಪುರವೊಂದು ಬೆಳೆಯುತ್ತದೆ. ಹಂಪಿಯ ಮೆಟ್ಟಿಲು ಪುಷ್ಕರಣಿಯನ್ನು ಮೇಲಿನಿಂದ ನೋಡಿದವರಿಗೆ ಈ ಹರಳಿನ ಆಕಾರವನ್ನು ವಿವರಿಸಬೇಕಾಗಿಲ್ಲ, ಅದೇ ಚೌಕ, ಅದೇ ಒಳಮುಖದ ಮೆಟ್ಟಿಲು, ಅಗಲ ಮಾತ್ರ ನಾಲ್ಕು ಮಿಲಿಮೀಟರ್. ಭಾರ ಹೆಚ್ಚಾದಾಗ ಅದು ಓಲಾಡಿ ಮುಳುಗುತ್ತದೆ, ತಳದಲ್ಲಿ ಕುಳಿತ ಮೇಲೆ ಸುತ್ತಲೂ ತುಂಬಿಕೊಂಡು ಘನವಾಗುತ್ತದೆ. ಕೋಟ್ಯಂತರ ವರ್ಷ ಹಳೆಯ ಉಪ್ಪಿನ ಶಿಲೆಗಳಲ್ಲೂ ಈ ಟೊಳ್ಳು ಗೋಪುರಗಳ ಗುರುತು ಸಿಗುತ್ತದೆ. ಅದನ್ನು ಕಂಡ ಭೂವಿಜ್ಞಾನಿಗಳು ಆ ಉಪ್ಪು ನೀರಿನ ಮೇಲ್ಮೈಯಲ್ಲಿ ಹುಟ್ಟಿತೆಂದು ಹೇಳಬಲ್ಲರು. ನನ್ನ ಬಾನಿಯಲ್ಲಿ ಒಂದು ವಾರದಲ್ಲಿ 430 ಗ್ರಾಮ್ ಉಪ್ಪು ಕಟ್ಟಿತು.

ಬಹಳ ಇರುವ ಉಪ್ಪು ಮೂರನೆಯದಾಗಿ ಬೀಳುವುದೇಕೆಂಬುದಕ್ಕೆ ಉತ್ತರ ಕರಗುವ ಶಕ್ತಿಯಲ್ಲಿದೆ. ಒಂದು ಲೀಟರ್ ನೀರು ಸುಮಾರು 360 ಗ್ರಾಮ್ ಉಪ್ಪನ್ನು ಕರಗಿಸಿಕೊಳ್ಳಬಲ್ಲದು, ಜಿಪ್ಸಂ ಆದರೆ ಎರಡೂವರೆ ಗ್ರಾಮಿನಷ್ಟು ಮಾತ್ರ, ಸುಣ್ಣದ ಖನಿಜವಾದರೆ ಅದಕ್ಕಿಂತಲೂ ಎಷ್ಟೋ ಕಡಿಮೆ. ನೀರು ಕಡಿಮೆಯಾಗುತ್ತ ಹೋದಂತೆ ಯಾವುದು ತನ್ನ ಮಿತಿಯನ್ನು ಮೊದಲು ಮುಟ್ಟುತ್ತದೆಯೋ ಅದು ಮೊದಲು ಹೊರಬೀಳುತ್ತದೆ. ಇಟಲಿಯ ರಸಾಯನ ವಿಜ್ಞಾನಿ ಉಸಿಲ್ಯೊ 1849ರಲ್ಲಿ ಮೆಡಿಟರೇನಿಯನ್ ಸಮುದ್ರದ ನೀರನ್ನು ಒಣಗಿಸಿ ಇದೇ ಕ್ರಮವನ್ನು ದಾಖಲಿಸಿದ್ದರು. ಅವರು ಕಂಡ ಹಂತಗಳನ್ನು ಸಿಂಧನೂರಿನ ಮಾಳಿಗೆಯ ಮೇಲೆ ನನ್ನ ಕಣ್ಣಾರೆ ಕಂಡಾಗ ಆದ ಸಂತೋಷ ಸಣ್ಣದಲ್ಲ.

ಕೊನೆಗೆ ಉಳಿದದ್ದು ಮುಕ್ಕಾಲು ಲೀಟರ್, ಬೆರಳಿಗೆ ಎಣ್ಣೆಯಂತೆ ಜಾರುವ ಕಹಿ ನೀರು. ಅದರ ನಡವಳಿಕೆಯೇ ಬೇರೆ. ಮೇ ತಿಂಗಳ ನಮ್ಮ ಬಿಸಿಲಿನಲ್ಲೂ ಅದು ಪೂರ್ತಿ ಒಣಗಲಿಲ್ಲ. ಸಂಜೆಗೆ ತಟ್ಟೆಯಲ್ಲಿ ಗಟ್ಟಿ ಪೊರೆ ಕಟ್ಟಿರುತ್ತಿತ್ತು, ಬೆಳಿಗ್ಗೆ ಎದ್ದು ನೋಡಿದರೆ ಮತ್ತೆ ಒದ್ದೆ. ಮೆಗ್ನೀಸಿಯಂ ಕ್ಲೋರೈಡ್ ರಾತ್ರಿಯ ಗಾಳಿಯಲ್ಲಿನ ತೇವವನ್ನು ತಾನೇ ಎಳೆದುಕೊಂಡು ಕರಗಿಬಿಡುತ್ತದೆ. ಆದ್ದರಿಂದಲೇ ಈ ಕೊನೆಯ ಹಂತದ ಖನಿಜಗಳಾದ ಸಿಲ್ವೈಟ್, ಕಾರ್ನಲೈಟ್ ಮುಂತಾದವು ಜಗತ್ತಿನಲ್ಲಿ ಅಪರೂಪ. ಅವು ಉಳಿಯಬೇಕಾದರೆ ಗಾಳಿ ಅತಿಯಾಗಿ ಒಣಗಿರಬೇಕು, ಮೇಲೆ ಬೇಗ ಇನ್ನೊಂದು ಪದರ ಮುಚ್ಚಿಕೊಳ್ಳಬೇಕು. ಜರ್ಮನಿಯ ಸ್ಟಾಸ್‌ಫರ್ಟ್ ಗಣಿಯಲ್ಲಿ ಅವು ದೊರೆತಾಗ, ಯಾವ ಉಷ್ಣತೆಯಲ್ಲಿ ಯಾವ ಲವಣ ಯಾವುದರ ಜೊತೆ ಬೀಳುತ್ತದೆ ಎಂಬುದನ್ನು ಬಿಡಿಸಲು, 1901ರಲ್ಲಿ ರಸಾಯನ ವಿಜ್ಞಾನದ ಮೊದಲ ನೊಬೆಲ್ ಪಡೆದ ವಾನ್ಟ್ ಹಾಫ್ ಅವರೇ ವರ್ಷಗಟ್ಟಲೆ ದುಡಿದರು. ನಮ್ಮ ಭಾಗದ ಭತ್ತದ ಗದ್ದೆಗಳಿಗೆ ಚೀಲಗಟ್ಟಲೆ ಹಾಕುವ ಕೆಂಪು ಪೊಟ್ಯಾಷ್ ಗೊಬ್ಬರ ಈ ಸಿಲ್ವೈಟ್ ಖನಿಜವೇ. ಕೆನಡಾದ ಸಾಸ್ಕಾಚೆವಾನ್ ಪ್ರಾಂತದಲ್ಲಿ ಅದನ್ನು ನೆಲದಾಳದಿಂದ ಅಗೆಯುತ್ತಾರೆ. ಒಂದು ಪುರಾತನ ಕಡಲಿನ ಕೊನೆಯ ಗುಟುಕು ನಮ್ಮ ಸೋನಾ ಮಸೂರಿಯ ಬೇರಿಗೆ ಸೇರುತ್ತಿದೆ ಎಂದು ತರಗತಿಯಲ್ಲಿ ಹೇಳಿದಾಗ ಮಕ್ಕಳು ಬಹಳ ಹೊತ್ತು ಅದೇ ಮಾತಾಡಿದರು.

ಎರಡನೆಯ ಕ್ಯಾನಿನ ನೀರನ್ನು ಬೇರೆ ಉದ್ದೇಶಕ್ಕೆ ಇಟ್ಟುಕೊಂಡಿದ್ದೆ. ಮೊದಲ ಪ್ರಯೋಗ ಮುಗಿದಾಗ ಲೆಕ್ಕವೊಂದು ಕಾಡತೊಡಗಿತ್ತು. ಏಳು ಸೆಂಟಿಮೀಟರ್ ಆಳದ ಕಡಲ ನೀರು ಪೂರ್ತಿ ಒಣಗಿದರೆ ಉಳಿಯುವ ಉಪ್ಪಿನ ಪದರ ಒಂದು ಮಿಲಿಮೀಟರ್ ಚಿಲ್ಲರೆ. ಸಾವಿರ ಮೀಟರ್ ಆಳದ ಕಡಲು ಒಣಗಿದರೂ ಸುಮಾರು 16 ಮೀಟರ್ ಮಾತ್ರ. ಹೀಗಿರುವಾಗ ಕಿಲೋಮೀಟರ್ ದಪ್ಪದ ಉಪ್ಪಿನ ಪದರಗಳು ಹೇಗಾದವು? 1970ರಲ್ಲಿ ಗ್ಲೋಮರ್ ಚಾಲೆಂಜರ್ ಎಂಬ ಸಂಶೋಧನಾ ಹಡಗು ಮೆಡಿಟರೇನಿಯನ್ ಸಮುದ್ರದ ತಳವನ್ನು ಕೊರೆದಾಗ ಜಿಪ್ಸಂ, ಅನ್‌ಹೈಡ್ರೈಟ್, ಉಪ್ಪು ಸಿಕ್ಕವು. ಆ ಪದರಗಳು ಕೆಲವೆಡೆ ಕಿಲೋಮೀಟರಿಗೂ ಹೆಚ್ಚು ದಪ್ಪ. ಸರಾಸರಿ 1500 ಮೀಟರ್ ಆಳದ ಆ ಸಮುದ್ರ ಒಮ್ಮೆ ಒಣಗಿದರೆ ಸಿಗುವುದು ಇಪ್ಪತ್ತೈದು ಮೀಟರಿನ ಆಸುಪಾಸು. ಸುಮಾರು 60 ಲಕ್ಷದಿಂದ 53 ಲಕ್ಷ ವರ್ಷಗಳ ಹಿಂದಿನ ಆ ಅವಧಿಯಲ್ಲಿ ಅಟ್ಲಾಂಟಿಕ್ ಜೊತೆಗಿನ ದಾರಿ ಕಿರಿದಾಗಿ, ಹೊರಗಿನಿಂದ ನೀರು ಬರುತ್ತಲೂ ಒಳಗೆ ಆವಿಯಾಗುತ್ತಲೂ ಇದ್ದುದರಿಂದಲೇ ಅಷ್ಟು ಉಪ್ಪು ಕೂಡಲು ಸಾಧ್ಯವಾಯಿತು.

ಇದನ್ನು ಪರೀಕ್ಷಿಸಲು ಎರಡನೆಯ ಕ್ಯಾನಿನಿಂದ ಎಂಟು ಲೀಟರ್ ನೀರನ್ನು ಬಾನಿಯಲ್ಲಿಟ್ಟು, ಜಿಪ್ಸಂ ಸೂಜಿ ಕಾಣಿಸಿಕೊಂಡ ದಿನದಿಂದ ಪ್ರತಿ ಸಂಜೆ ಕ್ಯಾನಿನ ಹೊಸ ನೀರನ್ನು ಸ್ವಲ್ಪ ಸ್ವಲ್ಪ ಸೇರಿಸಿದೆ. ಅದರ ಜೊತೆಗೆ ಬಾನಿಯ ತಳದಿಂದ ಒಂದು ಲೋಟದಷ್ಟು ಭಾರವಾದ ನೀರನ್ನು ರಬ್ಬರ್ ಕೊಳವೆಯಿಂದ ಎಳೆದು ತೆಗೆದೆ. ಮಾಪಕ ಹದಿನೈದು, ಹದಿನೆಂಟರ ನಡುವೆಯೇ ಓಡಾಡಿತು. ಹದಿನಾರು ದಿನ ಜಿಪ್ಸಂ ಒಂದೇ ಬೀಳುತ್ತಿತ್ತು, ಉಪ್ಪಿನ ಒಂದು ಚೌಕವೂ ಕಾಣಲಿಲ್ಲ. ಕಡಲಿನಿಂದ ಅರ್ಧ ಮುಚ್ಚಿಹೋದ ಕೊಲ್ಲಿಯಲ್ಲಿ ಹೊಸ ನೀರು ಮೇಲಿಂದ ಬರುತ್ತ, ಗಟ್ಟಿಯಾದ ಉಪ್ಪು ನೀರು ತಳದಿಂದ ಸೋರಿಹೋಗುತ್ತಿದ್ದರೆ, ನೂರಾರು ಅಡಿ ದಪ್ಪದ ಬರೀ ಜಿಪ್ಸಂ ಪದರ ಏಕೆ ಬೆಳೆಯಬಹುದು ಎಂಬುದು ಆಗ ಮನವರಿಕೆಯಾಯಿತು. ಕಾಸ್ಪಿಯನ್ ಸಮುದ್ರದ ಪಕ್ಕದ ಕಾರಾ ಬೊಗಾಜ್ ಕೊಲ್ಲಿ ಈ ಬಗೆಯ ಜೀವಂತ ಬಾನಿ. ಅದಕ್ಕೆ ನೀರು ಹರಿಯುವ ಕಿರಿದಾದ ಬಾಯಿಗೆ 1980ರಲ್ಲಿ ಒಡ್ಡು ಕಟ್ಟಿದಾಗ ಕೆಲವೇ ವರ್ಷಗಳಲ್ಲಿ ಕೊಲ್ಲಿ ಒಣಗಿತು, 1992ರಲ್ಲಿ ಒಡ್ಡನ್ನು ತೆರೆಯಬೇಕಾಯಿತು.

ಇಷ್ಟಾದರೂ ಹುಡುಗನ ಪ್ರಶ್ನೆ ಹಾಗೆಯೇ ಇತ್ತು. ರಾಯಚೂರು ಜಿಲ್ಲೆಯ ನೆಲ ಬಹುಪಾಲು ಗ್ರಾನೈಟ್ ಮತ್ತು ನೈಸ್ ಶಿಲೆ, 250 ಕೋಟಿ ವರ್ಷಗಳ ಆಸುಪಾಸಿನ ಗಟ್ಟಿ ಕಲ್ಲು, ಇಲ್ಲಿ ಕಡಲು ಬಿಟ್ಟುಹೋದ ಉಪ್ಪಿನ ಪದರಗಳಿಲ್ಲ. ಹಾಗಾಗಿ ಮೂರನೆಯ ಬೇಸಿಗೆಯಲ್ಲಿ ಕಡಲನ್ನು ಬಿಟ್ಟು ನಮ್ಮದೇ ನೀರನ್ನು ಹಿಡಿದೆ. ಒಂದು ಟಬ್ಬಿಗೆ ಮನೆಯ ಬೋರ್‌ವೆಲ್ ನೀರು, ಇನ್ನೊಂದಕ್ಕೆ ಹೊಲದ ತಗ್ಗಿನ ಬಸಿಗಾಲುವೆಯ ನೀರು. ಎರಡರಲ್ಲೂ ಲವಣ ಕಡಲಿನಷ್ಟಿಲ್ಲದ್ದರಿಂದ ಮೂರು ವಾರ ದಿನವೂ ಅದದೇ ನೀರನ್ನು ತುಂಬುತ್ತ ಹೋದೆ.

ಬೋರ್‌ವೆಲ್ ನೀರಿನ ಮೇಲೆ ಎರಡನೆಯ ದಿನವೇ ತೆಳುವಾದ ಬಿಳಿ ಪೊರೆ ತೇಲಿತು. ನೀರು ಕಾಯಿಸುವ ಹಂಡೆಯ ಒಳಗೆ ಕಟ್ಟುವ ಬಿಳಿ ಗಟ್ಟಿಯಂತೆಯೇ ಅದೂ ಸುಣ್ಣದ ಖನಿಜ. ಮುಂದೆ ಜಿಪ್ಸಂ ಬರುತ್ತದೆ ಎಂದು ಕಾದೆ, ಬರಲಿಲ್ಲ. ಅರಿಶಿನದಲ್ಲಿ ಅದ್ದಿ ಒಣಗಿಸಿದ ಕಾಗದದ ಪಟ್ಟಿಯನ್ನು ಆ ನೀರಿಗೆ ತಾಗಿಸಿದಾಗ, ಆರತಿಯ ತಟ್ಟೆಯಲ್ಲಿ ಅರಿಶಿನಕ್ಕೆ ಸುಣ್ಣ ಬೆರೆಸಿದಂತೆ ಕೆಂಪಾಯಿತು. ನೀರು ಕ್ಷಾರವಾಗಿ ತಿರುಗಿತ್ತು. ಬಸಿಗಾಲುವೆಯ ನೀರಿನಲ್ಲಿ ಮಾತ್ರ ಸ್ವಲ್ಪ ಸುಣ್ಣ ಬಿದ್ದ ಮೇಲೆ ಸೂಜಿಗಳು ಕಾಣಿಸಿದವು, ಕೊನೆಗೆ ಉಪ್ಪುಪ್ಪಾದ ಕಹಿ ಪುಡಿ ಉಳಿಯಿತು, ಅರಿಶಿನದ ಪಟ್ಟಿ ಹಳದಿಯಾಗಿಯೇ ಇತ್ತು.

ಒಂದೇ ಊರಿನ ಎರಡು ನೀರು ಹೀಗೆ ಬೇರೆ ಬೇರೆ ದಾರಿ ಹಿಡಿಯುವುದಕ್ಕೆ ಕಾರಣ ಮೊದಲು ಬೀಳುವ ಸುಣ್ಣದ ಖನಿಜ. ಅದು ಬೀಳುವಾಗ ನೀರಿನಲ್ಲಿನ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್ ಎರಡನ್ನೂ ಜೋಡಿಯಾಗಿ ಒಯ್ಯುತ್ತದೆ. ಬೈಕಾರ್ಬೊನೇಟ್ ಹೆಚ್ಚಾಗಿದ್ದರೆ ಕ್ಯಾಲ್ಸಿಯಂ ಮೊದಲು ತೀರಿಹೋಗುತ್ತದೆ, ಆಮೇಲೆ ಜಿಪ್ಸಂ ಕಟ್ಟಲು ಕ್ಯಾಲ್ಸಿಯಂ ಉಳಿದಿರುವುದಿಲ್ಲ, ನೀರು ಸೋಡಾದ ಕಡೆಗೆ ಹೊರಳುತ್ತದೆ. ಕ್ಯಾಲ್ಸಿಯಂ ಹೆಚ್ಚಾಗಿದ್ದರೆ ಬೈಕಾರ್ಬೊನೇಟ್ ತೀರಿ, ಮಿಕ್ಕ ಕ್ಯಾಲ್ಸಿಯಂ ಜಿಪ್ಸಂ ಆಗುತ್ತದೆ. 1970ರಲ್ಲಿ ಹಾರ್ಡಿ ಮತ್ತು ಯೂಗ್ಸ್ಟರ್ ಎಂಬ ವಿಜ್ಞಾನಿಗಳು ಈ ಕವಲುಗಳನ್ನು ಕ್ರಮವಾಗಿ ವಿವರಿಸಿದರು. ಮಹಾರಾಷ್ಟ್ರದ ಲೋಣಾರ್ ಸರೋವರ ಸೋಡಾದ ಕವಲು ಹಿಡಿದದ್ದು. ಈ ಮಾತನ್ನು ಮನೆಯಲ್ಲಿ ಹೇಳುತ್ತಿದ್ದಾಗ ನಮ್ಮ ಅತ್ತೆ, “ಅದಕ್ಕ ನೋಡವ್ವ, ಹಳ್ಳದ ದಂಡಿ ಸವುಳು ಅರಿವಿ ಒಗಿಯಾಕ ಬರತಿತ್ತು, ನಮ್ಮ ಹೊಲದ ಸವುಳು ಬರತಿದ್ದಿಲ್ಲ” ಎಂದರು. ಸೋಪು ದುಬಾರಿಯಾಗಿದ್ದ ಕಾಲದಲ್ಲಿ ಬಟ್ಟೆಯ ಕೊಳೆ ಬಿಡಿಸುತ್ತಿದ್ದ ಆ ಮಣ್ಣು ಸೋಡಾದ್ದು, ನಮ್ಮ ಹೊಲದ್ದು ಬರೀ ಉಪ್ಪಿನದು. ಈ ವ್ಯತ್ಯಾಸ ತಿಳಿಯದೆ ಎಲ್ಲ ಬಿಳಿ ನೆಲಕ್ಕೂ ಜಿಪ್ಸಂ ಸುರಿಯುವ ರೂಢಿ ನಮ್ಮಲ್ಲಿದೆ. ಸೋಡಾದ ನೆಲಕ್ಕೆ ಜಿಪ್ಸಂ ಬೇಕು, ಉಪ್ಪಿನ ನೆಲಕ್ಕೆ ಬೇಕಾದದ್ದು ಬಸಿಯುವ ದಾರಿ ಮತ್ತು ತೊಳೆಯುವ ನೀರು. ಮಣ್ಣು ಪರೀಕ್ಷೆ ಮಾಡಿಸದೆ ಚೀಲ ಬಿಚ್ಚುವುದು ಹಣ ಕಳೆದಂತೆ.

ಉಪ್ಪು ಎಲ್ಲಿಂದ ಬಂತು ಎಂಬುದಕ್ಕೆ ಬಸಿಗಾಲುವೆಯ ದಡದಲ್ಲಿ ಕುಳಿತು ಲೆಕ್ಕ ಹಾಕಿದೆ. ಕಲ್ಲು ಕರಗಿ ಮಣ್ಣಾಗುವಾಗ ಬಿಡುವ ಸೋಡಿಯಂ ಮತ್ತು ಕ್ಯಾಲ್ಸಿಯಂ ಒಂದು ಮೂಲ, ಮಳೆ ಹೊತ್ತು ತರುವ ಕಡಲಿನ ಸೂಕ್ಷ್ಮ ಕಣಗಳು ಇನ್ನೊಂದು. ಮೂರನೆಯದು ಕಾಲುವೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದ ಮೇಲೆ ನಮ್ಮ ಕಡೆಗೆ ಹರಿದ ಸಿಹಿನೀರಿನಲ್ಲೂ ಕರಗಿದ ಲವಣವಿದೆ. ಲೀಟರಿಗೆ ಕಾಲು ಗ್ರಾಮ್ ಎಂದು ಹಿಡಿದರೂ, ಒಂದು ಎಕರೆ ಭತ್ತಕ್ಕೆ ಒಂದು ಮೀಟರ್ ಆಳದಷ್ಟು ನೀರು ಕೊಟ್ಟರೆ ಆ ನೀರಿನ ಜೊತೆ ಹತ್ತು ಕ್ವಿಂಟಾಲ್ ಲವಣ ಬರುತ್ತದೆ. ನೀರು ಬಸಿದುಹೋಗಲು ದಾರಿಯಿದ್ದರೆ ಅದೂ ಹೋಗುತ್ತದೆ. ದಾರಿಯಿಲ್ಲದ ತಗ್ಗಿನಲ್ಲಿ ನೀರು ಆವಿಯಾಗಿ ಹೋಗುತ್ತದೆ, ಲವಣ ಉಳಿಯುತ್ತದೆ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬಿದ್ದು, ಅದರ ಎರಡು ಪಟ್ಟಿಗಿಂತ ಹೆಚ್ಚು ನೀರನ್ನು ಬಿಸಿಲು ಎಳೆಯಬಲ್ಲ ನಮ್ಮ ಸೀಮೆಯಲ್ಲಿ ತಗ್ಗಿನ ಹೊಲವೇ ಒಂದು ಆಗರ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಇಂಥ ಭೂಮಿಯ ಬಗ್ಗೆ ಬಹುಕಾಲದಿಂದ ಅಧ್ಯಯನ ನಡೆದಿರುವುದು ಸುಮ್ಮನೆ ಅಲ್ಲ.

ಉಪ್ಪು ಮೇಲೆ ಏಕೆ ಕುಳಿತಿದೆ ಎಂಬುದನ್ನು ತಿಳಿಯಲು ಎರಡು ಗುಂಡಿ ತೆಗೆಸಿದೆ. ಒಂದು ಕಾಲುವೆ ನೀರು ಏರದ ದಿನ್ನೆಯ ಮಳೆಯಾಶ್ರಿತ ಹೊಲದಲ್ಲಿ, ಐದೂವರೆ ಅಡಿ ಆಳ. ಅಲ್ಲಿ ಮೇಲಿನ ಮಣ್ಣಿನಲ್ಲಿ ಬಿಳಿಯದೇನೂ ಇರಲಿಲ್ಲ. ಎರಡು ಅಡಿಯ ಕೆಳಗೆ ಕಡಲೆ ಗಾತ್ರದ ಸುಣ್ಣದ ಹರಳುಗಳು ಸಿಕ್ಕವು, ಐದು ಅಡಿಯ ಹತ್ತಿರ ಮಣ್ಣಿನ ಬಿರುಕಿನಲ್ಲಿ ಅಭ್ರಕದಂತೆ ಹೊಳೆಯುವ ಜಿಪ್ಸಂ ಚೂರುಗಳು. ಮಳೆಯ ನೀರು ಮೇಲಿನಿಂದ ಕೆಳಗಿಳಿಯುತ್ತ ಒಣಗಿದ್ದರಿಂದ ಬೇಗ ಬೀಳುವ ಸುಣ್ಣ ಮೇಲೂ, ತಡವಾಗಿ ಬೀಳುವ ಜಿಪ್ಸಂ ಕೆಳಗೂ ನಿಂತಿವೆ, ಉಪ್ಪು ಇನ್ನೂ ಕೆಳಗೆ ಹೋಗಿದೆ.

ಎರಡನೆಯ ಗುಂಡಿ ಸವಳಿನ ತಗ್ಗಿನಲ್ಲಿ. ಮೂರು ಅಡಿಗೇ ನೀರು ಒಸರಿತು. ಆ ನೀರಿನ ತುಸು ಮೇಲೆ ಸುಣ್ಣದ ಹರಳು, ಅವು ಕಾಲುವೆಗಿಂತ ಬಹಳ ಹಳೆಯವು. ಒಂದೂವರೆ ಅಡಿಯಲ್ಲಿ ಮಣ್ಣಿನ ಹೆಂಟೆ ಒಡೆದರೆ ಒಳಗೆ ಮಾಳಿಗೆಯ ಬಾನಿಯಲ್ಲಿ ಕಂಡಂಥ ಸೂಜಿಗಳು, ಆಮ್ಲಕ್ಕೆ ನೊರೆಯಿಲ್ಲ, ನಾಲಿಗೆಗೆ ರುಚಿಯಿಲ್ಲ. ಎಲ್ಲಕ್ಕಿಂತ ಮೇಲೆ, ಅರ್ಧ ಬೆರಳು ದಪ್ಪದ ಬಿಳಿ ಪೊರೆಯಲ್ಲಿ ಉಪ್ಪು. ಅದರ ಕರಗಿದ ನೀರಿಗೆ ಸಿಲ್ವರ್ ನೈಟ್ರೇಟ್ ಹಾಕಿದರೆ ಮೊಸರಿನಂಥ ಬಿಳುಪು, ಬೇರಿಯಂ ಕ್ಲೋರೈಡ್ ಹಾಕಿದರೂ ಬಿಳಿ ಗಸಿ, ಅಂದರೆ ಕ್ಲೋರೈಡ್ ಜೊತೆ ಸಲ್ಫೇಟ್ ಕೂಡ ಇದೆ. ಇಲ್ಲಿ ನೀರು ಮಣ್ಣಿನ ಸಣ್ಣ ರಂಧ್ರಗಳ ಮೂಲಕ ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಮೇಲೇರುತ್ತಿದೆ, ಏರುತ್ತ ಏರುತ್ತ ಗಟ್ಟಿಯಾಗುತ್ತಿದೆ. ದಾರಿಯಲ್ಲಿ ಜಿಪ್ಸಂ ಇಳಿದುಕೊಂಡಿತು, ಕೊನೆಯವರೆಗೂ ನೀರಿನ ಜೊತೆ ಬರಬಲ್ಲ ಉಪ್ಪು ಮಾತ್ರ ನೆಲದ ಮೇಲಕ್ಕೆ ಬಂತು. ದಿನ್ನೆಯಲ್ಲಿ ಮೇಲಿಂದ ಕೆಳಕ್ಕೆ ಇದ್ದ ಸಾಲು ತಗ್ಗಿನಲ್ಲಿ ಕೆಳಗಿಂದ ಮೇಲಕ್ಕೆ ತಿರುಗಿಕೊಂಡಿದೆ. ಸಾಲು ಯಾವ ದಿಕ್ಕಿಗಿದೆ ಎಂದು ನೋಡಿದರೆ ನೀರು ಯಾವ ದಿಕ್ಕಿಗೆ ನಡೆಯಿತೆಂಬುದು ತಿಳಿಯುತ್ತದೆ.

ಪ್ರಶ್ನೆ ಕೇಳಿದ ಹುಡುಗ ಅಷ್ಟರಲ್ಲಿ ನಮ್ಮ ಶಾಲೆ ಬಿಟ್ಟು ಕಾಲೇಜು ಸೇರಿದ್ದ. ರಜೆಗೆ ಬಂದಾಗ ಕರೆದು ಎರಡೂ ಗುಂಡಿಗಳಿಗೆ ಇಳಿಸಿದೆ. ತಗ್ಗಿನ ಗುಂಡಿಯ ಗೋಡೆಯನ್ನು ತಳದಿಂದ ಅಂಚಿನವರೆಗೆ ಬೆರಳಿನಲ್ಲಿ ಮುಟ್ಟುತ್ತ ಬಂದು, ಮೇಲಿನ ಪೊರೆಯ ಚೂರನ್ನು ನಾಲಿಗೆಗೆ ಇಟ್ಟುಕೊಂಡು, “ಇದು ಕಡೀಗೆ ಬಂದಿದ್ದು, ಹೌದಲ್ರಿ ಮೇಡಂ?” ಎಂದ. ಆ ಗುಂಡಿಯ ಜಾಗದಿಂದಲೇ ಈ ವರ್ಷ ಬಸಿಗಾಲುವೆಗೆ ಮೂರೂವರೆ ಅಡಿ ಆಳದ ಹೊಸ ಕವಲು ತೋಡಿಸಿದ್ದೇವೆ. ಮುಂಗಾರು ಮುಗಿದ ಮೇಲೆ ಅದೇ ಜಾಗದಲ್ಲಿ ಮತ್ತೆ ಅಗೆದು ಸೂಜಿಗಳು ಎಷ್ಟು ಕೆಳಗಿಳಿದಿವೆ ಎಂದು ಅಳೆಯಬೇಕು.